ಕ್ಲಬ್ ಹೌಸ್ ಆಮೇಲೆ ನೋಡಿ, ಮೊದ್ಲು ಸಂಜೆ ಆರು ಗಂಟೆಗೆ ಹೋಗಿ

ದಾವಣಗೆರೆಯ ಓದುಗರೊಬ್ರು ಬರೆದ ಪತ್ರಕ್ಕೆ ಉತ್ತರ ಇದು. ಹೆಸರು ಹಾಕಬೇಡಿ ಅಂದಿದಾರೆ, ಹಾಕ್ತಿಲ್ಲ. ಪತ್ರದಲ್ಲಿರೋದು ಇಷ್ಟು: ಅಮ್ಮಂಗೆ 74, ಪ್ರೈಮರಿ ಸ್ಕೂಲ್ ಟೀಚರ್ ಆಗಿ ರಿಟೈರ್ ಆದೋರು. ಎರಡು ವರ್ಷದ ಹಿಂದೆ ಆಲ್ಜೈಮರ್ಸ್ ಅಂತ ಡಾಕ್ಟರ್ ಹೇಳಿದ್ರು. ಈಗ ಸಂಜೆ ಆಯ್ತು ಅಂದ್ರೆ "ನಮ್ಮನೆಗೆ ಹೋಗ್ತೀನಿ" ಅಂತ ಚಪ್ಪಲಿ ಮೆಟ್ಕೊಂಡು ಹೊರಡ್ತಾರೆ, ಒಂದ್ಸಲ ಬಸ್ ಸ್ಟ್ಯಾಂಡಲ್ಲಿ ಸಿಕ್ಕಿದ್ರಂತೆ. ಮಗಳಿಗೆ ಬ್ಯಾಂಕ್ ಕೆಲಸ, ನೋಡ್ಕೊಳ್ಳೋಕೆ ಬಂದ ಹೆಂಗಸರು ಯಾರೂ ನಿಲ್ತಿಲ್ಲ. ಬೆಂಗಳೂರಲ್ಲಿರೋ ಅಣ್ಣ ದೇವನಹಳ್ಳಿ ಕಡೆ ಒಂದು ಸೀನಿಯರ್ ಲಿವಿಂಗ್ ಅಪಾರ್ಟ್‌ಮೆಂಟ್ ನೋಡಿದಾರೆ, ಕ್ಲಬ್ ಹೌಸ್, ಯೋಗ ಹಾಲ್, ಸ್ವಿಮ್ಮಿಂಗ್ ಪೂಲ್ ಎಲ್ಲಾ ಇದೆ, ಅಮ್ಮನ ಹೆಸರಲ್ಲಿರೋ ಮನೆ ಮಾರಿ ಡೆಪಾಸಿಟ್ ಕಟ್ಟೋಣ ಅಂತಿದಾರೆ. ಚಿಕ್ಕಮ್ಮ ಫೋನ್ ಮಾಡಿ "ಹೆತ್ತ ತಾಯಿನ ಆಶ್ರಮಕ್ಕೆ ಹಾಕ್ತೀರಾ" ಅಂತ ಅಳ್ತಾರೆ. ಇದು ಸರಿನಾ, ಜಾಗ ಹೆಂಗೆ ಆರಿಸೋದು, ಅಮ್ಮಂಗೆ ಏನಂತ ಹೇಳೋದು ಅನ್ನೋದು ಇವರ ಪ್ರಶ್ನೆ.

ನಮಸ್ಕಾರ ಮೇಡಂ. ಚಿಕ್ಕಮ್ಮನ ವಿಷಯ ಮೊದ್ಲು ಮುಗಿಸ್ಬಿಡೋಣ, ನಿಮ್ಮ ಪತ್ರದ ಅರ್ಧ ಭಾಗ ಅದೇ ತುಂಬ್ಕೊಂಡಿದೆ. ಹಿರಿಯ ನಾಗರಿಕರ 2007ರ ಕಾಯ್ದೆಲಿ ಶಿಕ್ಷೆ ಇಟ್ಟಿರೋದು ಹಿರಿಯರನ್ನ ಪೂರ್ತಿ ಕೈಬಿಡೋ ಉದ್ದೇಶದಿಂದ ಎಲ್ಲೋ ಬಿಟ್ಟು ಬರೋರಿಗೆ, ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಒಳ್ಳೆ ಜಾಗ ಹುಡುಕಿ, ದುಡ್ಡು ಕಟ್ಟಿ, ವಾರ ವಾರ ಹೋಗಿ ನೋಡ್ಕೊಂಡು ಬರೋದು ಆ ಲೆಕ್ಕಕ್ಕೆ ಬರೋದೇ ಇಲ್ಲ. 2023ರಲ್ಲಿ ಬಂದ ದೇಶಮಟ್ಟದ ಅಧ್ಯಯನದ ಪ್ರಕಾರ ಭಾರತದಲ್ಲಿ 60 ದಾಟಿದವರಲ್ಲಿ ನೂರಕ್ಕೆ 7.4 ಜನಕ್ಕೆ ಡಿಮೆನ್ಷಿಯಾ (ಆಲ್ಜೈಮರ್ಸ್ ಥರದ ಮರೆವಿನ ಕಾಯಿಲೆ) ಇದೆ, ಅಂದ್ರೆ ಹೆಚ್ಚುಕಡಿಮೆ 88 ಲಕ್ಷ ಜನ. ಅವರಲ್ಲಿ ಎಷ್ಟೋ ಜನರ ಮನೇಲಿ ಒಬ್ಬ ಮಗಳೋ ಸೊಸೆಯೋ ನಿಮ್ಮ ಹಾಗೇ ನಿದ್ದೆಗೆಟ್ಟು ಕೂತಿದಾಳೆ. ಚಿಕ್ಕಮ್ಮನ್ನ ವಾರಕ್ಕೆ ಎರಡು ರಾತ್ರಿ ಬಂದು ಅಮ್ಮನ ಜೊತೆ ಮಲಗ್ತೀರಾ ಅಂತ ಒಂದು ಮಾತು ಕೇಳಿ, ಬಂದ್ರೆ ನಿಮಗೂ ಆಸರೆ, ಬರದಿದ್ರೆ ಫೋನಾದ್ರೂ ಕಮ್ಮಿ ಆಗುತ್ತೆ.

ಜಾಗ ಹುಡುಕೋಕೆ ಮುಂಚೆ ಇನ್ನೊಂದ್ಸಲ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ. ಸಂಜೆ ಗಲಾಟೆ ಇತ್ತೀಚೆಗೆ ಒಂದೆರಡು ವಾರದಲ್ಲೇ ದಿಢೀರ್ ಜಾಸ್ತಿ ಆಗಿದ್ರೆ ಅದು ಮರೆವಿನ ಕಾಯಿಲೆ ಒಂದೇ ಅಲ್ದೆ ಇರ್ಬಹುದು, ಯೂರಿನ್ ಇನ್ಫೆಕ್ಷನ್, ಸೋಡಿಯಂ ಕಮ್ಮಿ ಆಗೋದು, ಮಲಬದ್ಧತೆ, ಹೊಸದಾಗಿ ಶುರು ಮಾಡಿದ ಮಾತ್ರೆ, ಇವೆಲ್ಲಾ ವಯಸ್ಸಾದೋರ ತಲೆ ಕೆಡಿಸ್ತವೆ. ಬಿ12, ಥೈರಾಯ್ಡ್ ಕೂಡ ನೋಡಿಸ್ಬಿಡಿ.

ಈಗ ಅಣ್ಣ ನೋಡಿರೋ ಅಪಾರ್ಟ್‌ಮೆಂಟ್. ನೇರವಾಗೇ ಹೇಳ್ತೀನಿ, ಅದು ನಿಮ್ಮಮ್ಮನಿಗಲ್ಲ. ನಮ್ಮ ದೇಶದಲ್ಲಿ ಸೀನಿಯರ್ ಲಿವಿಂಗ್, ಅಸಿಸ್ಟೆಡ್ ಲಿವಿಂಗ್, ಮೆಮೊರಿ ಕೇರ್ ಅಂತ ಯಾವ ಬೋರ್ಡು ಯಾರು ಬೇಕಾದ್ರೂ ಹಾಕ್ಕೋಬಹುದು ಅನ್ನೋ ಪರಿಸ್ಥಿತಿ ಇದೆ. ಕೇಂದ್ರ ವಸತಿ ಸಚಿವಾಲಯ 2019ರಲ್ಲಿ ರಿಟೈರ್‌ಮೆಂಟ್ ಹೋಮ್‌ಗಳಿಗೆ ಮಾದರಿ ಮಾರ್ಗಸೂಚಿ ಹೊರಡಿಸಿದ್ದು ನಿಜ, ಆದ್ರೆ ಮಾರ್ಗಸೂಚಿ ಬೇರೆ, ಕಾನೂನು ಬೇರೆ. ಹಾಗಾಗಿ ಬೋರ್ಡು ಬಿಟ್ಟು ಒಳಗೆ ಏನು ಕೆಲಸ ನಡೆಯುತ್ತೆ ನೋಡ್ಬೇಕು. ಸೀನಿಯರ್ ಲಿವಿಂಗ್ ಅಂದ್ರೆ ತಮ್ಮ ಕೆಲಸ ತಾವೇ ಮಾಡ್ಕೊಳ್ಳೋರಿಗೆ. ಅಸಿಸ್ಟೆಡ್ ಲಿವಿಂಗ್ ಅಂದ್ರೆ ಸ್ನಾನಕ್ಕೆ, ಮಾತ್ರೆಗೆ ಒಂದು ಕೈ ಸಹಾಯ ಬೇಕಾದೋರಿಗೆ, ಕಷ್ಟ ಆದ್ರೆ ಬೆಲ್ ಒತ್ತಿ ಕರೀತಾರೆ. ಮೆಮೊರಿ ಕೇರ್ ಅನ್ನೋದು ಬೆಲ್ ಒತ್ತಬೇಕು ಅನ್ನೋದೇ ನೆನಪಿಲ್ದೋರಿಗೆ. ಚಪ್ಪಲಿ ಹಾಕ್ಕೊಂಡು ಬಸ್ ಸ್ಟ್ಯಾಂಡಿಗೆ ಹೋಗೋರಿಗೆ ಎಮರ್ಜೆನ್ಸಿ ಬಟನ್ ಇಟ್ಟು ಏನು ಪ್ರಯೋಜನ, ಇನ್ನು ಸ್ವಿಮ್ಮಿಂಗ್ ಪೂಲ್ ಅಂತೂ ಅಪಾಯ, ಸುತ್ತ ಬೇಲಿ ಇದೆಯಾ ಅಂತಾದ್ರೂ ಅಣ್ಣ ಕೇಳಿದ್ರಾ?

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಅಮ್ಮ ಇವತ್ತು ಹೆಂಗಿದಾರೆ ಅಂತ ನೋಡಿ ಜಾಗ ಆರಿಸಿದ್ರೆ ಮತ್ತೆ ಹುಡುಕ್ಬೇಕಾಗುತ್ತೆ. ಈ ಕಾಯಿಲೆ ಮುಂದಕ್ಕೇ ಹೋಗೋದು, ಇವತ್ತು ಓಡಾಡೋರು ನಾಳೆ ಬಟ್ಟೆ ಹಾಕ್ಕೊಳ್ಳೋಕೆ ಒದ್ದಾಡ್ತಾರೆ, ಆಮೇಲೆ ಒಂದಕ್ಕೆ ಎರಡಕ್ಕೆ ಗೊತ್ತಾಗಲ್ಲ, ಕೊನೆಕೊನೆಗೆ ನುಂಗೋದೇ ಕಷ್ಟ ಆಗಿ ಹಾಸಿಗೆ ಹಿಡೀತಾರೆ. ಹಾಗಾಗಿ "ಯಾವ ಸ್ಥಿತಿ ಬಂದ್ರೆ ನೀವು ಇಟ್ಕೊಳ್ಳಲ್ಲ" ಅಂತ ಮೊದಲನೇ ದಿನವೇ ಕೇಳಿ. ಎಷ್ಟೋ ಕಡೆ ಒಪ್ಪಂದದ ಹಿಂದಿನ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತೆ, ಹಾಸಿಗೆ ಹಿಡಿದ್ರೆ ಅಥವಾ ಕೈ ಎತ್ತೋಕೆ ಶುರು ಮಾಡಿದ್ರೆ ಮನೆಯವರು ಕರ್ಕೊಂಡು ಹೋಗ್ಬೇಕು ಅಂತ. ನಿಮಗೆ ನಿಜವಾಗಿ ಸಹಾಯ ಬೇಕಾಗೋದೇ ಆವಾಗ ತಾನೇ.

ನೋಡೋಕೆ ಯಾವಾಗ ಹೋಗ್ಬೇಕು ಅನ್ನೋದಕ್ಕೆ ನನ್ನ ಉತ್ತರ ಒಂದೇ, ಸಂಜೆ ಆರರ ಮೇಲೆ, ಹೇಳದೇ. ಬೆಳಿಗ್ಗೆ ಹನ್ನೊಂದಕ್ಕೆ ಮ್ಯಾನೇಜರ್ ಇರ್ತಾರೆ, ನೆಲ ಒರೆಸಿರುತ್ತೆ, ಫಿಸಿಯೋದವರು ಚೆಂಡು ಎಸೆದು ಆಟ ಆಡಿಸ್ತಿರ್ತಾರೆ. ಬೆಳಕು ಇಳಿಯೋ ಹೊತ್ತಿಗೇ ಈ ಕಾಯಿಲೆಯವರಿಗೆ ಚಡಪಡಿಕೆ ಶುರುವಾಗೋದು, ಅದೇ ಹೊತ್ತಿಗೆ ಶಿಫ್ಟ್ ಬದಲಾಗಿ ಸಿಬ್ಬಂದಿನೂ ಕಮ್ಮಿ ಆಗಿರ್ತಾರೆ. ನಾನು ಒಂದು ಕಡೆ ನೋಡಿದ್ದು ಹೇಳ್ತೀನಿ. ಹಾಲಲ್ಲಿ ಟಿವಿ ಮುಂದೆ ನಾಲ್ಕು ಜನ ಅಜ್ಜಂದಿರು, ಟಿವಿಲಿ ಹಿಂದಿ ನ್ಯೂಸು, ಒಬ್ಬಳೇ ಹುಡುಗಿ ನಿಂತ್ಕೊಂಡೇ ಒಂದೇ ಚಮಚದಲ್ಲಿ ಇಬ್ಬರಿಗೆ ಅನ್ನ ಸಾರು ತುರುಕ್ತಿದ್ಲು, ಒಬ್ಬರ ಬಾಯಲ್ಲಿರೋದು ಇನ್ನೂ ಇಳಿದಿರ್ಲಿಲ್ಲ. ಗೋಡೆ ಮೇಲಿದ್ದ ಮಾತ್ರೆ ಚಾರ್ಟಲ್ಲಿ ರಾತ್ರಿ ಒಂಬತ್ತರ ಮಾತ್ರೆಗೆ ಆರೂವರೆಗೇ ಸಹಿ ಬಿದ್ದಿತ್ತು. ಕಟ್ಟಡ ಮಾತ್ರ ಹೋಟೆಲ್ ಥರ ಇತ್ತು ಬಿಡಿ. ಇನ್ನೊಂದು ಕಡೆ ಹಳೇ ಮನೆ, ಬಣ್ಣ ಮಾಸಿದ್ದು. ಅಲ್ಲಿ ಒಬ್ಬ ಯಜಮಾನರು ಎದ್ದು "ಬಸ್ಸಿಗೆ ಹೊತ್ತಾಯ್ತು" ಅಂತ ಬಾಗಿಲ ಕಡೆ ಹೊರಟ್ರು. ಅಲ್ಲಿದ್ದ ಆಯಮ್ಮ ಬೇಡ ಅನ್ಲಿಲ್ಲ, ಕೂತ್ಕೊಳ್ಳಿ ಅಂತ ಗದರಿಸ್ಲೂ ಇಲ್ಲ, "ಹೌದಾ ಅಪ್ಪಾಜಿ, ನಡೀರಿ ನೋಡ್ಕೊಂಡು ಬರೋಣ" ಅಂತ ಕೈ ಹಿಡ್ಕೊಂಡು ಹಿತ್ತಲು ಪೂರ್ತಿ ಒಂದು ಸುತ್ತು ಹಾಕಿಸಿ, ಮಲ್ಲಿಗೆ ಗಿಡದ ಹತ್ರ ನಿಲ್ಲಿಸಿ ಮಾತಾಡಿಸಿ, ಸೀದಾ ಊಟದ ಟೇಬಲ್ಲಿಗೆ ತಂದು ಕೂರಿಸಿದ್ರು. ನೀವು ದುಡ್ಡು ಕೊಡ್ಬೇಕಾಗಿರೋದು ಈ ಆಯಮ್ಮನಿಗೆ, ಕ್ಲಬ್ ಹೌಸಿಗಲ್ಲ. ಇಂಥೋರು ಅಲ್ಲಿ ಎಷ್ಟು ವರ್ಷದಿಂದ ಇದಾರೆ, ಸಂಬಳ ಸರಿಯಾಗಿ ಬರುತ್ತಾ, ರಾತ್ರಿ ಎಷ್ಟು ಜನಕ್ಕೆ ಎಷ್ಟು ಜನ ಎಚ್ಚರ ಇರ್ತಾರೆ, ಇದನ್ನ ಮ್ಯಾನೇಜರ್ ಹತ್ರ ಕೇಳೋದಲ್ಲ, ಅವರ ಹತ್ರಾನೇ ಕೂತು ಕೇಳಿ.

ಭಾಷೆ ವಿಷಯ ಹಗುರವಾಗಿ ತಗೋಬೇಡಿ. ಬೆಂಗಳೂರಿನ ಹೋಮ್‌ಗಳಲ್ಲಿ ಅಸ್ಸಾಂ, ಒಡಿಶಾ, ಜಾರ್ಖಂಡ್ ಕಡೆಯಿಂದ ಬಂದ ಮಕ್ಕಳು ಕೆಲಸ ಮಾಡ್ತಾರೆ, ಪಾಪ ಒಳ್ಳೆಯವರೇ, ಆದ್ರೆ ಮಾತು ಹಿಂದಿ. ಈ ಕಾಯಿಲೆಲಿ ಆಮೇಲೆ ಕಲಿತ ಭಾಷೆ ಮೊದ್ಲು ಜಾರಿ ಹೋಗೋದುಂಟು. ಅಮ್ಮ "ಒಂದಕ್ಕೆ ಹೋಗ್ಬೇಕು" ಅಂದಾಗ ಅರ್ಥ ಆಗೋರು ಪ್ರತಿ ಶಿಫ್ಟಲ್ಲೂ ಒಬ್ಬರಾದ್ರೂ ಇಲ್ದಿದ್ರೆ ಬೇಡದೇ ಇದ್ದ ಡೈಪರ್ ಬೇಗ ಶುರುವಾಗುತ್ತೆ.

ಮಾತ್ರೆ ಕೊಟ್ಟು ಮಲಗಿಸೋದು ಇನ್ನೊಂದು ಭಯ. ಗಲಾಟೆ ತಡೆಯೋಕೆ ಕೊಡೋ ಕೆಲವು ಮನೋರೋಗದ ಔಷಧಿಗಳಿಂದ ಡಿಮೆನ್ಷಿಯಾ ಇರೋ ವಯಸ್ಸಾದೋರಲ್ಲಿ ಸಾವಿನ ಅಪಾಯ ಹೆಚ್ಚುತ್ತೆ ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಎಚ್ಚರಿಕೆ ಕೊಟ್ಟಿತ್ತು. ಕೆಲವೊಮ್ಮೆ ಅವು ಬೇಕೇ ಆಗುತ್ತೆ, ಬೇಡ ಅಂತಲ್ಲ, ಆದ್ರೆ ಯಾವ ಡಾಕ್ಟರ್ ಬರೆದ್ರು, ಎಷ್ಟು ದಿನಕ್ಕೆ, ಯಾವಾಗ ಕಮ್ಮಿ ಮಾಡ್ತಾರೆ ಅಂತ ತಿಂಗಳು ತಿಂಗಳು ಪ್ರಿಸ್ಕ್ರಿಪ್ಷನ್ ಕೇಳಿ ನೋಡಿ. ಕುರ್ಚಿಗೆ ಸೀರೆಲೋ ದುಪಟ್ಟಾದಲ್ಲೋ ಕಟ್ಟಿ ಕೂರಿಸಿದ್ದು ಕಂಡ್ರೆ ಅಲ್ಲಿಂದ ಎದ್ದು ಬಂದ್ಬಿಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಲಿ ಕಾಯಿಲೆಯ ವ್ಯಾಖ್ಯೆಯಲ್ಲೇ ನೆನಪಿನ ತೊಂದರೆನೂ ಸೇರಿದೆ, ಬೇರೆ ದಾರಿನೇ ಇಲ್ದಾಗ, ಮನೋವೈದ್ಯರ ಅನುಮತಿ ಇದ್ರೆ ಮಾತ್ರ ಸ್ವಲ್ಪ ಹೊತ್ತು ತಡೆದಿಡಬಹುದು ಅನ್ನುತ್ತೆ ಅದು. ನಿಮ್ಮ ರಿಜಿಸ್ಟ್ರೇಷನ್ ಯಾವ ಕಾಯ್ದೆ ಅಡಿ ಅಂತ ಹೋಮ್‌ನವರನ್ನ ಕೇಳಿ, ಸರ್ಟಿಫಿಕೇಟ್ ತೋರಿಸ್ರಿ ಅನ್ನಿ, ಮುಜುಗರ ಬೇಡ.

ಇನ್ನು ದುಡ್ಡು, ಅಂದ್ರೆ ಅಮ್ಮನ ಮನೆ. ಇಲ್ಲಿ ದಯವಿಟ್ಟು ನಿಧಾನ ಮಾಡಿ. ಆಸ್ತಿ ಮಾರೋ ಪತ್ರಕ್ಕೆ ಸಹಿ ಹಾಕುವಾಗ ತಾನು ಏನು ಮಾಡ್ತಿದೀನಿ ಅಂತ ಅಮ್ಮಂಗೆ ತಿಳುವಳಿಕೆ ಇರ್ಬೇಕು, ಕರಾರು ಕಾಯ್ದೆ ಹೇಳೋದು ಅದನ್ನೇ. ಎರಡು ವರ್ಷದ ಹಿಂದೇನೇ ಆಲ್ಜೈಮರ್ಸ್ ಅಂತ ಫೈಲಲ್ಲಿ ಬರೆದಿರೋವಾಗ ಈಗ ಹಾಕಿಸ್ಕೊಂಡ ಸಹಿನ ನಾಳೆ ಯಾರು ಬೇಕಾದ್ರೂ ಕೋರ್ಟಲ್ಲಿ ಪ್ರಶ್ನೆ ಮಾಡ್ಬಹುದು, ನೀವು ಅಣ್ಣ ತಂಗಿ ಇವತ್ತು ಚೆನ್ನಾಗಿದೀರ, ಈ ಒಂದು ಸಹಿ ಆ ಸಂಬಂಧನೂ ಕೆಡಿಸ್ಬಹುದು. ಪವರ್ ಆಫ್ ಅಟಾರ್ನಿ ಇದೆಯಲ್ಲ ಅಂತ ಅಣ್ಣ ಅನ್ಬಹುದು, ಆದ್ರೆ ಕೊಟ್ಟವರ ಬುದ್ಧಿ ಸ್ಥಿಮಿತ ತಪ್ಪಿದ್ರೆ ಸಾಮಾನ್ಯವಾಗಿ ಅದಕ್ಕೆ ಬೆಲೆ ಇಲ್ಲ. ಅಂಥ ಹೊತ್ತಲ್ಲಿ ಹೈಕೋರ್ಟಿಗೆ ಹೋಗಿ ಗಾರ್ಡಿಯನ್ ಮಾಡಿಸ್ಕೊಂಡವರಿದಾರೆ, ಅದು ವಕೀಲರ ಜೊತೆ ಕೂತು ಮಾತಾಡೋ ವಿಷಯ. ಸದ್ಯಕ್ಕೆ ಪೆನ್ಷನ್ ಜೊತೆ ಮಕ್ಕಳು ಎಷ್ಟೆಷ್ಟು ಹಾಕ್ತೀರ ಅಂತ ಬರೆದಿಟ್ಕೊಳ್ಳಿ, ಮನೆನ ಬಾಡಿಗೆಗೆ ಕೊಡೋ ಯೋಚನೆನೂ ವಕೀಲರನ್ನ ಕೇಳ್ಕೊಂಡೇ ಮಾಡಿ, ದೊಡ್ಡ ಡೆಪಾಸಿಟ್ ಕೇಳೋ ಜಾಗಕ್ಕಿಂತ ತಿಂಗಳ ಲೆಕ್ಕದಲ್ಲಿ ತಗೊಳ್ಳೋ ಜಾಗ ನಿಮಗೆ ವಾಸಿ. ತಿಂಗಳ ಪ್ಯಾಕೇಜಲ್ಲಿ ಡೈಪರ್, ಮಾತ್ರೆ, ಫಿಸಿಯೋ, ಆಸ್ಪತ್ರೆಗೆ ಹೋದಾಗ ಜೊತೆಗಿರೋ ಆಯಾ ಇವು ಸೇರಿರುತ್ತಾ ಕೇಳಿ, ಸಾಮಾನ್ಯವಾಗಿ ಸೇರಿರಲ್ಲ. ಮೆಡಿಕಲ್ ಇನ್ಶೂರೆನ್ಸ್ ಬರುತ್ತೆ ಅಂತ ನಂಬ್ಕೊಂಡು ಕೂರಬೇಡಿ, ಸ್ನಾನ ಮಾಡಿಸೋದು, ಬಟ್ಟೆ ಹಾಕೋದು ಅಂಥ ಆರೈಕೆ ಖರ್ಚನ್ನ ಸಾಮಾನ್ಯ ಪಾಲಿಸಿಗಳು ಹೊರಗಿಡ್ತವೆ. ಆದಾಯ ತೆರಿಗೆಯ ಹಳೇ ಪದ್ಧತಿಲಿ ಇದ್ರೆ ಮಾತ್ರ ಡಿಮೆನ್ಷಿಯಾ ಚಿಕಿತ್ಸೆಗೆ, ಹಿರಿಯ ನಾಗರಿಕರಿಗೆ 1 ಲಕ್ಷದವರೆಗೆ ವಿನಾಯಿತಿ ಇದೆ, ಕಾಯಿಲೆ ಒಂದು ಮಟ್ಟ ದಾಟಿದೆ ಅಂತ ತಜ್ಞರ ಸರ್ಟಿಫಿಕೇಟ್ ಬೇಕು. ನೀವು ಬ್ಯಾಂಕಿನವರು, ನಿಮಗೆ ಇದು ನನಗಿಂತ ಚೆನ್ನಾಗಿ ಗೊತ್ತಿರುತ್ತೆ.

ಊರು ಯಾವುದು? ದಾವಣಗೆರೆಯಿಂದ ಬೆಂಗಳೂರು 260 ಕಿಲೋಮೀಟರ್ ಆಸುಪಾಸು. ಅಣ್ಣ ವಾರಕ್ಕೊಂದ್ಸಲ ನಿಜವಾಗ್ಲೂ ಹೋಗ್ತಾರಾ ಅಂತ ನೀವೇ ಹೇಳ್ಬೇಕು. ಹೋಗಲ್ಲ ಅಂದ್ರೆ ನಿಮಗೆ ಹತ್ತಿರ ಇರೋ ಸ್ವಲ್ಪ ಕಮ್ಮಿ ಸೌಕರ್ಯದ ಜಾಗವೇ ನನ್ನ ವೋಟು, ಮನೆಯವರು ಯಾವಾಗ ಬೇಕಾದ್ರೂ ಬಂದು ನಿಲ್ತಾರೆ ಅಂತ ಗೊತ್ತಿದ್ದ ಕಡೆ ಉಗುರು ಕತ್ತರಿಸಿರುತ್ತೆ. "ಮೊದಲ ಹದಿನೈದು ದಿನ ಬರಬೇಡಿ, ಹೊಂದ್ಕೊಳ್ಳಲಿ" ಅನ್ನೋರ ಮೇಲೆ ನನಗೆ ನಂಬಿಕೆ ಇಲ್ಲ. ವಿಚಾರಿಸೋಕೆ ಎಲ್ಲಿಂದ ಶುರು ಮಾಡ್ಬೇಕು ಅಂದ್ರೆ, ನಿಮ್ಹಾನ್ಸ್‌ನ ಹಿರಿಯರ ವಿಭಾಗ ಇದೆ, ಬೆಂಗಳೂರಿನ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಡಿಮೆನ್ಷಿಯಾ ಕೆಲಸದಲ್ಲಿ ಹಳಬರು, ಆಲ್ಜೈಮರ್ಸ್ ಇರೋರಿಗೆ, ಅವರ ಮನೆಯವರಿಗೆ ನೆರವಾಗೋಕೆ 1992ರಲ್ಲಿ ಕೇರಳದಲ್ಲಿ ಶುರುವಾದ ಎಆರ್‌ಡಿಎಸ್‌ಐ ಸಂಸ್ಥೆಯ ಬೆಂಗಳೂರು ಶಾಖೆ ಇದೆ, ಹಿರಿಯರ ಸಹಾಯವಾಣಿ 14567 ಇದೆ. ಇವರನ್ನ ಕೇಳಿದ್ಮೇಲೂ ಸಂಜೆ ಆರರ ಭೇಟಿ ತಪ್ಪಿಸ್ಬೇಡಿ. ಜಾಗ ಒಪ್ಪಿಗೆ ಆದ್ರೆ ಒಂದು ತಿಂಗಳು ಮಾತ್ರ ಇಟ್ಟು ನೋಡ್ತೀವಿ ಅನ್ನಿ.

ಅಮ್ಮಂಗೆ ಏನಂತ ಹೇಳೋದು ಅಂದಿದೀರ. ತಿಂಗಳ ಮೊದಲೇ ಕೂರಿಸಿ ವಿವರಿಸಿದ್ರೆ ವಿಷಯ ಮರೆತು ಗಾಬರಿ ಮಾತ್ರ ಉಳ್ಕೊಳ್ಳುತ್ತೆ. ಹೋಗೋ ದಿನ ಬೆಳಿಗ್ಗೆ, ತಿಂಡಿ ಆದ್ಮೇಲೆ, "ನಾಲ್ಕು ದಿನ ಇಲ್ಲಿ ಇರಮ್ಮ, ನಾನು ಬರ್ತಿರ್ತೀನಿ" ಅಂತ ಚಿಕ್ಕದಾಗಿ ಹೇಳಿ, ವಾದ ಮಾಡ್ಬೇಡಿ. ಹಳೇ ಕೌದಿ, ದಿನಾ ಕುಡಿಯೋ ಲೋಟ, ಒಂದು ಹಾಜರಿ ಪುಸ್ತಕ, ಕೆಂಪು ಪೆನ್ನು ಕಳಿಸಿ, ಬಳೆ ಸರ ಬೇಡ. ಒಂದು ಪುಟದಲ್ಲಿ ಅವರ ಬಗ್ಗೆ ಬರೆದು ಆಯಾಗಳ ಕೈಗೆ ಕೊಡಿ: ಟೀಚರಮ್ಮ ಅಂದ್ರೆ ತಿರುಗಿ ನೋಡ್ತಾರೆ, ಕಾಫಿಗೆ ಸಕ್ಕರೆ ಎಷ್ಟು, ಸ್ನಾನ ಬೆಳಿಗ್ಗೆನಾ ಸಂಜೆನಾ, ಯಾರ ಹೆಸರು ತೆಗೆದ್ರೆ ಅಳ್ತಾರೆ, ಇಂಥವು.

ಯಾವ ಜಾಗ ಒಪ್ಪಿಗೆ ಆದ್ರೂ ಸಹಿ ಹಾಕೋ ಮುಂಚೆ ಒಪ್ಪಂದದ ಕಾಪಿ ನಮಗೆ ಕಳಿಸಿ. ನಮ್ಮ ಕಾನೂನು ಅಂಕಣದ ವಕೀಲರಿಗೆ ತೋರಿಸ್ತೀನಿ, ಡೆಪಾಸಿಟ್ ವಾಪಸ್ ಕೊಡೋ ಷರತ್ತು ಮತ್ತೆ ಆ ಹಿಂದಿನ ಪುಟದ ಸಣ್ಣ ಅಕ್ಷರ ಅವರು ನೋಡಿ ಹೇಳ್ತಾರೆ, ಫೀಸ್ ಏನೂ ಇಲ್ಲ.

— ಸಂ.