ಹಳೆಯ ಟರ್ಬೊ ಪೆಟ್ರೋಲ್ ಕಾರು ಬೆಳಿಗ್ಗೆ ಸ್ಟಾರ್ಟ್ ಆಗೋಕೆ ಸತಾಯಿಸುತ್ತೆ, ಐಡ್ಲಿಂಗ್‌ನಲ್ಲಿ ತಡವರಿಸುತ್ತೆ: ಎಲ್ಲಿಂದ ಹುಡುಕಬೇಕು?

ನೀವು ಹೇಳಿರೋದು ಇಷ್ಟು: ರಾತ್ರಿಯೆಲ್ಲ ನಿಂತ ಕಾರು ನಾಲ್ಕೈದು ಸೆಕೆಂಡ್ ಸೆಲ್ಫ್ ಹೊಡೆದ ಮೇಲೆ ಸ್ಟಾರ್ಟ್ ಆಗುತ್ತೆ, ಆಮೇಲೆ ಆರ್‌ಪಿಎಂ ಮುಳ್ಳು 600ಕ್ಕೂ 1,000ಕ್ಕೂ ನಡುವೆ ಓಲಾಡುತ್ತೆ, ಓಡಿಸುವಾಗ ತೊಂದರೆ ಕಾಣಲ್ಲ. ಪ್ಲಗ್ ಹೊಸದು, ಚೆಕ್ ಎಂಜಿನ್ ಲೈಟ್ ಬಂದಿಲ್ಲ. ಈಗ ಕಾಯಿಲ್ ಹಾಕಿಸಲಾ, ಇಂಜೆಕ್ಟರ್ ಕ್ಲೀನ್ ಮಾಡಿಸಲಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಎರಡೂ ಬೇಡ. ತಡವಾಗಿ ಸ್ಟಾರ್ಟ್ ಆಗೋದಕ್ಕೂ ಐಡ್ಲಿಂಗ್ ಓಲಾಡೋದಕ್ಕೂ ಕಾರಣ ಬೇರೆ ಬೇರೆ ಇರಬಹುದು. ಎರಡನ್ನೂ ಬೇರೆಬೇರೆಯಾಗಿಯೇ ನೋಡಿ.

ಮೊದಲು ಐಡ್ಲಿಂಗ್. ಲೈಟ್ ಬರದಿದ್ದರೂ ಸ್ಕ್ಯಾನರ್ ಹಾಕಿ, ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ಎಸಿ ಆಫ್ ಮಾಡಿ ಫ್ಯೂಯಲ್ ಟ್ರಿಮ್ ಓದಿ, ಅಂದರೆ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಪೆಟ್ರೋಲನ್ನ ಎಷ್ಟು ಶೇಕಡಾ ಹೆಚ್ಚು-ಕಡಿಮೆ ಮಾಡ್ತಿದೆ ಅನ್ನೋ ಅಂಕಿ. ಶಾರ್ಟ್ ಟರ್ಮ್ (ಆ ಕ್ಷಣದ್ದು), ಲಾಂಗ್ ಟರ್ಮ್ (ಕಲಿತು ಇಟ್ಟುಕೊಂಡದ್ದು) ಎರಡನ್ನೂ ಕೂಡಿಸಿ. ಐಡ್ಲಿಂಗ್‌ನಲ್ಲಿ ಅದು +10 ಶೇಕಡಾ ದಾಟಿದ್ದು, 2,500 ಆರ್‌ಪಿಎಂನಲ್ಲಿ ಸ್ಥಿರವಾಗಿ ಹಿಡಿದಾಗ ಸೊನ್ನೆಯ ಹತ್ತಿರ ಇಳಿದರೆ, ಏರ್‌ಫ್ಲೋ ಸೆನ್ಸರ್ (ಒಳಬರುವ ಗಾಳಿ ಅಳೆಯುವುದು) ದಾಟಿದ ಮೇಲೆ ಎಲ್ಲೋ ಅಳತೆಗೆ ಸಿಗದ ಕಳ್ಳಗಾಳಿ ಒಳಗೆ ಹೋಗ್ತಿದೆ. 2 ಲೀಟರ್ ಎಂಜಿನ್ ಐಡ್ಲಿಂಗ್‌ನಲ್ಲಿ ಎಳೆಯೋದೇ ಸೆಕೆಂಡಿಗೆ ಸುಮಾರು 2ರಿಂದ 4 ಗ್ರಾಂ ಗಾಳಿ. ಅಲ್ಲಿ ಸಣ್ಣ ಸೀಳೂ ದೊಡ್ಡ ಪಾಲು, ರೇಸ್ ಕೊಟ್ಟಾಗ ಅದೇ ಸೀಳು ಲೆಕ್ಕಕ್ಕಿಲ್ಲ. ಲೋಡ್ ಹೆಚ್ಚಿದಂತೆ ಟ್ರಿಮ್ ಕೂಡ ಏರ್ತಾ ಹೋದರೆ ಗಾಳಿ ಬಿಟ್ಟು ಪೆಟ್ರೋಲ್ ಪ್ರೆಶರ್ ಅಥವಾ ಕೊಳೆಯಾದ ಏರ್‌ಫ್ಲೋ ಸೆನ್ಸರ್ ಕಡೆ ತಿರುಗಿ. ಐಡ್ಲಿಂಗ್‌ನಲ್ಲಿ ಮೈನಸ್ ತೋರಿಸಿದರೆ ಸೋರುವ ಇಂಜೆಕ್ಟರ್, ಪೆಟ್ರೋಲ್ ಪ್ರೆಶರ್ ಹಿಡಿದಿಡುವ ರೆಗ್ಯುಲೇಟರಿನ ಹರಿದ ಡಯಾಫ್ರಾಮ್, ಇಲ್ಲವೇ ತೆರೆದೇ ಉಳಿದ ಪರ್ಜ್ ವಾಲ್ವ್ (ಟ್ಯಾಂಕಿನ ಪೆಟ್ರೋಲ್ ಹಬೆಯನ್ನ ಎಂಜಿನ್ನಿಗೆ ಬಿಡುವ ವಾಲ್ವ್). ಪೆಟ್ರೋಲ್ ಹಾಕಿಸಿದ ತಕ್ಷಣವೇ ಸ್ಟಾರ್ಟ್ ತೊಂದರೆ ಹೆಚ್ಚಾದರೆ ಈ ಕೊನೆಯದನ್ನೇ ಮೊದಲು ಹಿಡಿಯಿರಿ. ಅಂದಹಾಗೆ ಏರ್‌ಫ್ಲೋ ಸೆನ್ಸರ್ ಇಲ್ಲದೆ ಬರೀ ಮ್ಯಾಪ್ ಸೆನ್ಸರ್ (ಮ್ಯಾನಿಫೋಲ್ಡ್ ಒಳಗಿನ ಒತ್ತಡ ಅಳೆಯುವುದು) ಇರುವ ಕಾರಾದರೆ ಈ ಲೆಕ್ಕ ನಡೆಯಲ್ಲ. ಅದರಲ್ಲಿ ಗಾಳಿ ಸೋರಿದರೆ ಸಾಮಾನ್ಯವಾಗಿ ಐಡಲ್ ಆರ್‌ಪಿಎಂ ಏರುತ್ತೆ.

ಟರ್ಬೊ ಕಾರಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡಿಗೆ ಸೇರಿದ ಹೋಸ್‌ಗಳು ಐಡ್ಲಿಂಗ್‌ನಲ್ಲಿ ಒಳಕ್ಕೆ ಎಳೆಸಿಕೊಳ್ಳುತ್ತವೆ, ಬೂಸ್ಟ್ (ಟರ್ಬೊ ತಳ್ಳುವ ಗಾಳಿಯ ಒತ್ತಡ) ಬಂದಾಗ ಹೊರಕ್ಕೆ ಉಬ್ಬುತ್ತವೆ. ಜೊತೆಗೆ ಬಿಸಿ, ಎಣ್ಣೆ ಹಬೆ. ಹಾಗಾಗಿ ಮೊದಲು ಹೋಗೋದು ಪಿಸಿವಿ ಹೋಸ್, ಅಂದರೆ ಕ್ರ್ಯಾಂಕ್‌ಕೇಸಿನ (ಎಂಜಿನ್ನಿನ ಕೆಳಭಾಗದ) ಎಣ್ಣೆ ಹಬೆಯನ್ನ ಇನ್‌ಟೇಕಿಗೆ ಒಯ್ಯುವ ಹೋಸ್. ಮೇಲಿನಿಂದ ನೋಡಿದರೆ ಗಟ್ಟಿಯಾಗೇ ಕಾಣುತ್ತೆ. ಕ್ಲಿಪ್ ಪಕ್ಕದ ಬಾಗಿನಲ್ಲಿ, ಅಡಿಭಾಗದಲ್ಲಿ ಬೆರಳು ಆಡಿಸಿ, ಸ್ವಲ್ಪ ಬಗ್ಗಿಸಿ: ಕೂದಲೆಳೆಯಂಥ ಸೀಳು ಬಾಯಿ ಬಿಡುತ್ತೆ, ಬೆರಳಿಗೆ ಕಪ್ಪು ಜಿಡ್ಡು ಅಂಟುತ್ತೆ. ಐಡ್ಲಿಂಗ್‌ನಲ್ಲಿ ಆಯಿಲ್ ಕ್ಯಾಪ್ ತೆಗೆಯೋಕೆ ಹೋದಾಗ ಅದು ಬಿಗಿಯಾಗಿ ಹೀರಿಕೊಂಡಿದ್ದು ಸಿಳ್ಳೆ ಸದ್ದು ಬಂದರೆ ಪಿಸಿವಿ ಡಯಾಫ್ರಾಮ್ ಹರಿದಿದೆ. ಅದರ ಒನ್‌ವೇ ವಾಲ್ವ್ ಕೆಟ್ಟರೆ ಬೂಸ್ಟ್ ನೇರ ಕ್ರ್ಯಾಂಕ್‌ಕೇಸಿಗೆ ನುಗ್ಗಿ ಆಯಿಲ್ ಸೀಲ್‌ಗಳನ್ನೇ ತಳ್ಳುತ್ತೆ, ಅದನ್ನ ಮುಂದೂಡಬೇಡಿ. ಇಂಟರ್‌ಕೂಲರ್ (ಟರ್ಬೊ ಗಾಳಿ ತಣಿಸುವುದು) ಪೈಪಿನ ಸಣ್ಣ ತೂತು ಐಡ್ಲಿಂಗ್ ಅನ್ನು ಅಷ್ಟಾಗಿ ಕೆಡಿಸಲ್ಲ, ಅದು ಪಿಕಪ್ ತಿನ್ನುತ್ತೆ.

ಇನ್‌ಟೇಕಿಗೆ ಹೊಗೆ ತುಂಬಿ ಎಲ್ಲಿ ಹೊರಬರುತ್ತೆ ಅಂತ ನೋಡೋ ಸ್ಮೋಕ್ ಟೆಸ್ಟ್ ಸಿಕ್ಕಿದರೆ ಅದೇ ಒಳ್ಳೇದು. ಇಲ್ಲದಿದ್ದರೆ ಟರ್ಬೊ ಬಾಯಿಗೆ ಬಿರಡೆ ಹಾಕಿ 0.3ರಿಂದ 0.5 ಬಾರ್ ಗಾಳಿ ತುಂಬಿ ಸೋಪುನೀರು ಚಿಮುಕಿಸಿ. ಅದಕ್ಕಿಂತ ಹೆಚ್ಚು ಬೇಡ. ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದು ಸೋರಿಕೆ ಹುಡುಕೋ ಅಭ್ಯಾಸ ಬಿಡಿ, ಕಾದ ಟರ್ಬೊ ಪಕ್ಕದಲ್ಲಿ ಅದು ಬೆಂಕಿಗೆ ಆಹ್ವಾನ. ಬ್ರೇಕ್ ಬೂಸ್ಟರ್ ಹೋಸ್ ಮತ್ತು ಪರ್ಜ್ ಹೋಸ್ ರಬ್ಬರಿನದಾದರೆ ಒಂದೊಂದಾಗಿ ಮೆತ್ತಗೆ ಅಮುಕಿ. ಯಾವುದನ್ನು ಅಮುಕಿದಾಗ ಐಡ್ಲಿಂಗ್ ಸರಿಹೋಗುತ್ತೋ ಆ ಲೈನಿನಲ್ಲೇ ತೊಂದರೆ. ಡೈವರ್ಟರ್ ವಾಲ್ವಿಗೆ (ಆಕ್ಸಿಲರೇಟರ್ ಬಿಟ್ಟಾಗ ಬೂಸ್ಟನ್ನ ವಾಪಸ್ ಇನ್‌ಟೇಕಿಗೆ ತಿರುಗಿಸುವುದು) ಕೈ ಪಂಪಿನಿಂದ 0.5 ಬಾರ್ ವ್ಯಾಕ್ಯೂಮ್ ಕೊಟ್ಟರೆ ಆ ವ್ಯಾಕ್ಯೂಮ್ ಇಳಿಯದೆ ಉಳಿಯಬೇಕು. ಯಾರಾದರೂ ಸದ್ದಿಗೋಸ್ಕರ ಗಾಳಿ ಹೊರಗೆ ಬಿಡುವ ವಾಲ್ವ್ ಹಾಕಿಸಿದ್ದರೆ ಮೊದಲು ಹಳೆಯದನ್ನೇ ವಾಪಸ್ ಹಾಕಿ. ಅಳೆದ ಗಾಳಿಯನ್ನ ಹೊರಗೆ ಚೆಲ್ಲಿದರೆ ಆಕ್ಸಿಲರೇಟರ್ ಬಿಟ್ಟಾಗೆಲ್ಲ ಎಂಜಿನ್ ತಡವರಿಸುತ್ತೆ.

ಇನ್ನು ಬೆಳಗಿನ ಸ್ಟಾರ್ಟ್. ಕೀ ಆನ್ ಮಾಡಿ ಮೂರು ಸೆಕೆಂಡ್ ಬಿಟ್ಟು ಆಫ್ ಮಾಡಿ. ಹೀಗೆ ಮೂರು ಸಲ ಮಾಡಿದರೆ ಪಂಪ್ ಪ್ರೆಶರ್ ತುಂಬುತ್ತೆ, ಆಮೇಲೆ ಸೆಲ್ಫ್ ಹೊಡೆಯಿರಿ. ತಕ್ಷಣ ಹಿಡಿದರೆ ರಾತ್ರಿ ಪೆಟ್ರೋಲ್ ಪ್ರೆಶರ್ ಇಳಿದುಹೋಗ್ತಿದೆ. ಗೇಜ್ ಹಾಕಿಸಿ. ವ್ಯಾಕ್ಯೂಮ್ ಹೋಸ್ ಇರುವ ರೆಗ್ಯುಲೇಟರ್ ಆದರೆ ಹಲವು ಕಾರುಗಳಲ್ಲಿ ಐಡ್ಲಿಂಗ್‌ಗೆ ಸುಮಾರು 2.5 ಬಾರ್, ಆ ಹೋಸ್ ಕಿತ್ತರೆ 3 ಬಾರ್. ನಿಮ್ಮ ಕಾರಿನ ಮ್ಯಾನ್ಯುಯಲ್ ಒಮ್ಮೆ ನೋಡಿಕೊಳ್ಳಿ. ಕಿತ್ತ ಹೋಸಿನಲ್ಲಿ ಪೆಟ್ರೋಲ್ ವಾಸನೆ ಬಂದರೆ ರೆಗ್ಯುಲೇಟರ್ ಹೋಗಿದೆ. ಎಂಜಿನ್ ಆಫ್ ಮಾಡಿದ ಕೂಡಲೇ ರಿಟರ್ನ್ ಹೋಸ್ (ಪೆಟ್ರೋಲ್ ಟ್ಯಾಂಕಿಗೆ ವಾಪಸ್ ಹೋಗುವುದು) ಅಮುಕಿದಾಗ ಪ್ರೆಶರ್ ಇಳಿಯದೆ ಉಳಿದರೂ ರೆಗ್ಯುಲೇಟರೇ. ಪಂಪ್ ಕಡೆಯ ಹೋಸ್ ಅಮುಕಿದಾಗ ಉಳಿದರೆ ಪಂಪಿನ ಚೆಕ್ ವಾಲ್ವ್ (ಪೆಟ್ರೋಲ್ ಹಿಂದೆ ಹರಿಯದಂತೆ ತಡೆಯುವುದು). ಎರಡಕ್ಕೂ ಪ್ರೆಶರ್ ಉಳಿಯದಿದ್ದರೆ ಇಂಜೆಕ್ಟರ್ ತೊಟ್ಟಿಕ್ಕುತ್ತಿದೆ, ಬೆಳಿಗ್ಗೆ ಪ್ಲಗ್ ಬಿಚ್ಚಿದರೆ ಒಂದು ಒದ್ದೆಯಾಗಿರುತ್ತೆ.

ಕೀ ಆನ್-ಆಫ್‌ನಿಂದ ಏನೂ ಬದಲಾಗದಿದ್ದರೆ, ಸ್ಟಾರ್ಟ್ ಮಾಡೋ ಮುಂಚೆ ಸ್ಕ್ಯಾನರಿನಲ್ಲಿ ಕೂಲೆಂಟ್ ತಾಪಮಾನ, ಇನ್‌ಟೇಕ್ ಗಾಳಿಯ ತಾಪಮಾನ ಎರಡನ್ನೂ ನೋಡಿ. ರಾತ್ರಿ ನಿಂತ ಕಾರಲ್ಲಿ ಹೆಚ್ಚುಕಡಿಮೆ ಒಂದೇ ಇರಬೇಕು. ಕೂಲೆಂಟ್ 30 ಡಿಗ್ರಿ ಹೆಚ್ಚು ತೋರಿಸಿದರೆ, ಎಂಜಿನ್ ಆಗಲೇ ಬಿಸಿಯಿದೆ ಅಂದುಕೊಂಡು ಇಸಿಯು ಪೆಟ್ರೋಲ್ ಕಡಿಮೆ ಕೊಡುತ್ತೆ. ಕೂಲೆಂಟ್ ತಾಪಮಾನದ ಸೆನ್ಸರ್ ಸಾಮಾನ್ಯವಾಗಿ 20 ಡಿಗ್ರಿಗೆ 2ರಿಂದ 3 ಕಿಲೋಓಮ್, 80 ಡಿಗ್ರಿಗೆ 300 ಓಮ್ ಆಸುಪಾಸು ಇರುತ್ತೆ.

ಡೈರೆಕ್ಟ್ ಇಂಜೆಕ್ಷನ್ ಎಂಜಿನ್ (ಪೆಟ್ರೋಲ್ ನೇರ ಸಿಲಿಂಡರಿಗೇ ಚಿಮ್ಮುವುದು) ಆಗಿದ್ದು, ತಣ್ಣಗಿದ್ದಾಗ ಮಾತ್ರ ಮಿಸ್ಸಿಂಗ್ ಇದ್ದರೆ ಇನ್‌ಟೇಕ್ ವಾಲ್ವ್ ಮೇಲೆ ಕಾರ್ಬನ್ ಕೂತಿರೋ ಸಾಧ್ಯತೆ ಹೆಚ್ಚು. ಪೆಟ್ರೋಲಿಗೆ ಬೆರೆಸೋ ಕ್ಲೀನರ್ ಆ ವಾಲ್ವ್ ಮುಟ್ಟೋದೇ ಇಲ್ಲ, ಮ್ಯಾನಿಫೋಲ್ಡ್ ಬಿಚ್ಚಿ ವಾಲ್ನಟ್ ಬ್ಲಾಸ್ಟಿಂಗ್ (ಅಕ್ರೋಟು ಚಿಪ್ಪಿನ ಪುಡಿ ಗಾಳಿಯಲ್ಲಿ ಹೊಡೆದು ಕಾರ್ಬನ್ ತೆಗೆಯೋದು) ಮಾಡಿಸಬೇಕು.

ಇಷ್ಟರ ನಡುವೆ ಕೂಲೆಂಟ್ ಮಟ್ಟವನ್ನೂ ಗುರುತು ಹಾಕಿಟ್ಟು ನೋಡ್ತಿರಿ. ಮೊದಲ ಅರ್ಧ ನಿಮಿಷ ಮಾತ್ರ ಒಂದು ಸಿಲಿಂಡರ್ ಮಿಸ್ ಆಗಿ, ಸಿಹಿ ವಾಸನೆಯ ಬಿಳಿ ಹೊಗೆ ಬಂದು, ಮಟ್ಟವೂ ಇಳಿದರೆ ಮೇಲೆ ಹೇಳಿದ್ದೆಲ್ಲ ಬದಿಗಿಟ್ಟು ಹೆಡ್ ಗ್ಯಾಸ್ಕೆಟ್ ಪರೀಕ್ಷೆ ಮಾಡಿಸಿ. ಕೂಲಿಂಗ್ ಸಿಸ್ಟಮಿಗೆ ಪ್ರೆಶರ್ ಕೊಟ್ಟು ರಾತ್ರಿ ಬಿಟ್ಟು, ಬೆಳಿಗ್ಗೆ ಪ್ಲಗ್ ತೂತಿನಲ್ಲಿ ಕ್ಯಾಮೆರಾ ಇಳಿಸಿದರೆ ನೀರು ನಿಂತಿದೆಯೋ ಇಲ್ಲವೋ ಗೊತ್ತಾಗುತ್ತೆ.