ಐದಕ್ಕೆ ಏಳುವವರ ಇಂಗ್ಲಿಷ್

ಪ್ರಶ್ನೆ: ಮೇಷ್ಟ್ರೇ, ನಮಸ್ಕಾರ. ಹೋದ ತಿಂಗಳು ಒಂದು ಖಾಸಗಿ ಶಾಲೆಯಲ್ಲಿ ಟೀಚರ್ ಕೆಲಸಕ್ಕೆ ಇಂಟರ್‌ವ್ಯೂ ಇತ್ತು. ನಿಮ್ಮ ದಿನಚರಿ ಹೇಳಿ ಅಂದರು. ನಾನು ‘ಐ ಯೂಸ್ಡ್ ಟು ಗೆಟ್ ಅಪ್ ಅಟ್ ಫೈವ್’ ಅಂದೆ. ಮೇಜಿನ ಆಚೆ ಕೂತವರು ನಕ್ಕು ‘ಆಂಡ್ ನೌ?’ ಅಂದರು. ನನಗೆ ತಲೆಬುಡ ತಿಳಿಯಲಿಲ್ಲ. ‘ನೌ ಆಲ್ಸೋ ಸರ್’ ಅಂದೆ. ಇನ್ನೂ ಜೋರಾಗಿ ನಕ್ಕರು. ಕೆಲಸ ಸಿಗಲಿಲ್ಲ. ನಾನು ನಿಜವಾಗಲೂ ಐದಕ್ಕೇ ಏಳುತ್ತೇನೆ ಮೇಷ್ಟ್ರೇ. ತಪ್ಪು ಎಲ್ಲಾಯಿತು?
– ಹೆಸರು ಬೇಡ ಎಂದವರು, ಚಿತ್ರದುರ್ಗ ಜಿಲ್ಲೆ

ಉತ್ತರ: ತಂಗೀ, ತಪ್ಪು ಎಲ್ಲಾಯಿತು ಅಂದರೆ, ನನ್ನಂಥವರ ಕ್ಲಾಸಿನಲ್ಲಿ ಆಯಿತು. ಸಾಗರದ ಹತ್ತಿರದ ಹೈಸ್ಕೂಲಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದಾಗ ನಾನೇ ಬೋರ್ಡಿನ ಮೇಲೆ ‘ಯೂಸ್ಡ್ ಟು ಅಂದರೆ ರೂಢಿ’ ಅಂತ ಬರೆದವನು. ಮಕ್ಕಳು ಅದನ್ನು ಹಾಗೇ ಇಳಿಸಿಕೊಂಡರು. ದಿನಾ ಐದಕ್ಕೆ ಏಳೋದೂ ರೂಢಿಯೇ, ಅಲ್ವಾ? ಹಾಗಾಗಿ ‘ಐ ಯೂಸ್ಡ್ ಟು’ ಅಂದರು. ಮಕ್ಕಳ ಲೆಕ್ಕ ಸರಿಯಾಗಿಯೇ ಇತ್ತು. ನಾನು ಕೊಟ್ಟ ಸೂತ್ರದಲ್ಲಿ ಅರ್ಧ ಬಿಟ್ಟುಹೋಗಿತ್ತು.

ಬಿಟ್ಟುಹೋದ ಅರ್ಧ ಇದು: ಮೊದಲು ರೂಢಿ ಇತ್ತು, ಈಗ ಇಲ್ಲ. ‘ಈಗ ಇಲ್ಲ’ ಅನ್ನೋದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ, ಕೇಳುವವರು ತಾವೇ ಸೇರಿಸಿಕೊಳ್ಳುತ್ತಾರೆ. ನಮ್ಮ ಕಡೆಯದೇ ಉದಾಹರಣೆ ಕೊಡುತ್ತೇನೆ. ಶಿವಮೊಗ್ಗದಿಂದ ತಾಳಗುಪ್ಪಕ್ಕೆ ರೈಲ್‌ಬಸ್ ಓಡುತ್ತಿತ್ತು. ಹಳಿಯ ಮೇಲೆ ಬಸ್ಸಿನ ಥರದ ಗಾಡಿ. ಆಮೇಲೆ ಬ್ರಾಡ್‌ಗೇಜ್ ಬಂತು, ರೈಲ್‌ಬಸ್ ಹೋಯಿತು. ‘ಎ ರೈಲ್‌ಬಸ್ ಯೂಸ್ಡ್ ಟು ರನ್ ಟು ತಾಳಗುಪ್ಪ’ ಅಂದರೆ ಸಾಕು, ಹೊರಗಿನವರಿಗೂ ಅದು ಈಗಿಲ್ಲ ಅಂತ ಗೊತ್ತಾಗುತ್ತದೆ. ನಿಮ್ಮ ಇಂಟರ್‌ವ್ಯೂನಲ್ಲಿ ಆಗಿದ್ದೂ ಇದೇ. ನೀವು ಶಿಸ್ತಿನ ಮಾತು ಹೇಳಿದಿರಿ, ಅವರಿಗೆ ‘ಈಗ ಏಳು ಗಂಟೆಯವರೆಗೂ ಮಲಗಿರುತ್ತೇನೆ’ ಅಂತ ಕೇಳಿಸಿತು. ಅದಕ್ಕೆ ನಗಬೇಕಾಗಿತ್ತಾ ಅನ್ನೋದು ಬೇರೆ ಮಾತು. ಕೆಲಸ ಕೇಳಿಕೊಂಡು ಬಂದವರ ಎದುರು ಹಾಗೆ ನಗೋದು ಯಾವ ಭಾಷೆಯಲ್ಲೂ ಒಳ್ಳೆಯ ವ್ಯಾಕರಣ ಅಲ್ಲ.

ಈಗಲೂ ನಡೆಯುವ ರೂಢಿಗೆ ಇಂಗ್ಲಿಷಿನಲ್ಲಿ ಏನೂ ಸೇರಿಸಬೇಕಿಲ್ಲ. ‘ಐ ಗೆಟ್ ಅಪ್ ಅಟ್ ಫೈವ್.’ ಅಷ್ಟೇ. ನಮಗೆ ಇದು ಬೋಳು ಬೋಳಾಗಿ ಕಾಣುತ್ತದೆ, ಏನಾದರೂ ತೊಡಿಸೋಣ ಅನಿಸುತ್ತದೆ. ತೊಡಿಸಲೇಬೇಕು ಅಂದರೆ ‘ಯೂಶುವಲಿ’ ಹಾಕಿ.

ಈ ಗೊಂದಲಕ್ಕೆ ಕನ್ನಡದಲ್ಲೂ ಒಂದು ಕಾರಣ ಇದೆ. ನಮ್ಮ ‘ಬರುತ್ತಿದ್ದೆ’ ಒಂದೇ ಮೂರು ಮನೆಯ ಕೆಲಸ ಮಾಡುತ್ತದೆ. ‘ಚಿಕ್ಕವನಿದ್ದಾಗ ಪ್ರತಿ ಬೇಸಿಗೆಗೆ ಅಜ್ಜಿಮನೆಗೆ ಬರುತ್ತಿದ್ದೆ’ ಅನ್ನುತ್ತೇವೆ. ‘ನಿನ್ನೆ ಸಂಜೆ ಬರುತ್ತಿದ್ದೆ, ದಾರಿಯಲ್ಲಿ ಮಳೆ ಹಿಡಿಯಿತು’ ಅಂತಲೂ ಅನ್ನುತ್ತೇವೆ. ‘ಕರೆದಿದ್ದರೆ ಮದುವೆಗೆ ಬರುತ್ತಿದ್ದೆ’ ಅಂತ ಮುನಿಸು ತೋರಿಸೋದಕ್ಕೂ ಅದೇ ಬೇಕು. ಇಂಗ್ಲಿಷಿನವನಿಗೆ ಇವು ಮೂರು ಬೇರೆ ಬೇರೆ: ಅಜ್ಜಿಮನೆಗೆ ‘ಯೂಸ್ಡ್ ಟು ಕಮ್’, ಮಳೆಗೆ ‘ವಾಸ್ ಕಮಿಂಗ್’, ಮುನಿಸಿಗೆ ‘ವುಡ್ ಹ್ಯಾವ್ ಕಮ್’. ಕನ್ನಡ ಬಡವಾಗಿದೆ ಅಂತ ಇದರ ಅರ್ಥ ಅಲ್ಲ. ಹಿಂದೆ ಮುಂದಿನ ಮಾತು ನೋಡಿ ನಾವು ಅರ್ಥ ಮಾಡಿಕೊಳ್ಳುತ್ತೇವೆ.

ಹಾಗಾಗಿ ಇಂಗ್ಲಿಷಿಗೆ ಹೋಗುವ ಮೊದಲು ಕನ್ನಡದಲ್ಲೇ ಒಂದು ಪರೀಕ್ಷೆ ಮಾಡಿ. ವಾಕ್ಯದ ಮುಂದೆ ‘ಆಗೆಲ್ಲ’ ಇಟ್ಟು ನೋಡಿ. ‘ಆಗೆಲ್ಲ ಅಜ್ಜಿಮನೆಗೆ ಬರುತ್ತಿದ್ದೆ’ ಚೆನ್ನಾಗಿ ಕೂರುತ್ತದೆ. ಅಲ್ಲಿ ‘ಯೂಸ್ಡ್ ಟು’ ಹಾಕಿ, ಭಯ ಬೇಡ. ‘ಆಗೆಲ್ಲ ನಿನ್ನೆ ಸಂಜೆ ಬರುತ್ತಿದ್ದೆ’ ಅಂತ ಯಾರೂ ಅನ್ನೋದಿಲ್ಲ. ಅಲ್ಲಿ ಬೇಡ. ನಿಮ್ಮ ವಾಕ್ಯಕ್ಕೂ ಇಟ್ಟು ನೋಡಿ: ‘ಆಗೆಲ್ಲ ಐದಕ್ಕೆ ಏಳುತ್ತಿದ್ದೆ.’ ಎದುರಿಗೆ ಕೂತವರು ಕನ್ನಡದಲ್ಲೇ ಕೇಳಿದ್ದರೂ ‘ಈಗ?’ ಅಂತ ಕೇಳುತ್ತಿದ್ದರು.

ಲೆಕ್ಕ ಇಟ್ಟು ಹೇಳುವಾಗ ಮಾತ್ರ ಹುಷಾರು. ‘ಹುಬ್ಬಳ್ಳಿಯಲ್ಲಿ ಐದು ವರ್ಷ ಇದ್ದೆ’ ಅನ್ನೋದಕ್ಕೆ ‘ಐ ಲಿವ್ಡ್ ಇನ್ ಹುಬ್ಬಳ್ಳಿ ಫಾರ್ ಫೈವ್ ಇಯರ್ಸ್’ ಅನ್ನಬೇಕು, ‘ಯೂಸ್ಡ್ ಟು’ ಹೊಂದೋದಿಲ್ಲ. ‘ಧರ್ಮಸ್ಥಳಕ್ಕೆ ಒಟ್ಟು ಮೂರು ಸಲ ಹೋಗಿದ್ದೆ’ ಅನ್ನೋದಕ್ಕೂ ಹೊಂದೋದಿಲ್ಲ. ‘ವರ್ಷಕ್ಕೆ ಮೂರು ಸಲ ಹೋಗುತ್ತಿದ್ದೆ’ ಅಂದರೆ ಹೊಂದುತ್ತದೆ. ಈ ವ್ಯತ್ಯಾಸ ಕನ್ನಡದ ಕಿವಿಗೆ ಆಗಲೇ ಗೊತ್ತಿದೆ ನೋಡಿ. ‘ಒಟ್ಟು ಮೂರು ಸಲ ಹೋಗುತ್ತಿದ್ದೆ’ ಅಂತ ನೀವು ಅನ್ನೋದೇ ಇಲ್ಲ.

ಕೊನೆಗೊಂದು ಸಮಾಧಾನದ ಮಾತು. ನಾಲ್ಕು ನೂರು ವರ್ಷ ಹಿಂದೆ ನಿಮ್ಮ ಇಂಟರ್‌ವ್ಯೂ ನಡೆದಿದ್ದರೆ ‘ಐ ಯೂಸ್ ಟು ಗೆಟ್ ಅಪ್’ ಅಂದು ಪಾರಾಗುತ್ತಿದ್ದಿರಿ. ಆಗಿನ ಇಂಗ್ಲಿಷಿನಲ್ಲಿ ಈಗಿನ ರೂಢಿಗೂ ಇದನ್ನು ಬಳಸುತ್ತಿದ್ದರು. 1611ರ ಇಂಗ್ಲಿಷ್ ಬೈಬಲಿನ 119ನೇ ಕೀರ್ತನೆಯಲ್ಲಿ ‘ಆ್ಯಸ್ ದೌ ಯೂಸೆಸ್ಟ್ ಟು ಡೂ’ ಅಂತ ಬರುತ್ತದೆ, ‘ನೀನು ಮಾಡುವ ರೂಢಿಯಂತೆ’ ಅಂತ. ಆಮೇಲೆ ಇಂಗ್ಲಿಷಿನವರು ಈಗಿನ ಕಾಲದ ರೂಪ ಬಿಟ್ಟುಬಿಟ್ಟರು, ಹಿಂದಿನದು ಮಾತ್ರ ಉಳಿಯಿತು.

ಪ್ರಶ್ನೆ: ‘ಐ ಆ್ಯಮ್ ಯೂಸ್ಡ್ ಟು’ ಬೇರೆಯೇನಾ? ನಮ್ಮ ಮಗಳು ಬೇರೆ ಅನ್ನುತ್ತಾಳೆ.
– ನಿವೃತ್ತ ಬಸ್ ಡ್ರೈವರ್, ತೀರ್ಥಹಳ್ಳಿ

ಉತ್ತರ: ಮಗಳ ಮಾತು ಕೇಳಿ ಸ್ವಾಮಿ. ಆ ಪುಟ್ಟ ‘ಆ್ಯಮ್’ ಬಂದರೆ ಅರ್ಥವೇ ತಿರುಗುತ್ತದೆ. ನೀವು ಆಗುಂಬೆ ಘಾಟಿ ಹತ್ತಿಳಿಸಿದವರು ಅಂದುಕೊಳ್ಳುತ್ತೇನೆ. ‘ಐ ಯೂಸ್ಡ್ ಟು ಡ್ರೈವ್ ಇನ್ ದ ಘಾಟ್’ ಅಂದರೆ ಆಗ ಓಡಿಸುತ್ತಿದ್ದೆ, ಈಗ ಸ್ಟೀರಿಂಗ್ ಬಿಟ್ಟೆ. ‘ಐ ಆ್ಯಮ್ ಯೂಸ್ಡ್ ಟು ಡ್ರೈವಿಂಗ್ ಇನ್ ದ ಘಾಟ್’ ಅಂದರೆ ಆ ತಿರುವುಗಳು ನನಗೆ ಅಭ್ಯಾಸ, ಹೆದರಿಕೆ ಇಲ್ಲ. ಎರಡನೆಯದರಲ್ಲಿ ‘ಡ್ರೈವ್’ ಹೋಗಿ ‘ಡ್ರೈವಿಂಗ್’ ಆಯಿತು, ನೋಡಿದಿರಾ? ನಿವೃತ್ತರಾದ ಮೇಲೆ ಮೊದಲನೆಯದೇ ನಿಮಗೆ ಸರಿ. ಆದರೆ ಮನೆಯವರು ಕಾರಿನಲ್ಲಿ ಕರೆದುಕೊಂಡು ಹೋಗುವಾಗ ಪಕ್ಕದ ಸೀಟಿನಲ್ಲಿ ಕೂತು ಕಾಲಲ್ಲೇ ಬ್ರೇಕ್ ಒತ್ತುತ್ತೀರಲ್ಲ, ಅದಕ್ಕೆ ಎರಡನೆಯದು.

ಮೂರನೆಯದೊಂದು ಇದೆ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಮೆಟ್ಟುಗತ್ತಿಯನ್ನು ಅಡಕೆ ಸುಲಿಯೋದಕ್ಕೆ ಬಳಸುತ್ತಾರೆ ಅನ್ನೋದಕ್ಕೂ ‘ಈಸ್ ಯೂಸ್ಡ್ ಟು’ ಬರುತ್ತದೆ. ಬರೆಯುವಾಗ ಒಂದೇ, ಉಚ್ಚಾರ ಬೇರೆ. ಕತ್ತಿಯ ವಿಷಯದಲ್ಲಿ ‘ಯೂಜ಼್ಡ್’ ಅಂತ ಜೇನುಹುಳದ ಝೇಂಕಾರ ಕೇಳಿಸಬೇಕು. ಘಾಟಿಯ ವಿಷಯದಲ್ಲಿ ‘ಯೂಸ್ಟು’ ಅಂತ ಹಾವಿನ ಬುಸ್.

ಪ್ರಶ್ನೆ: ‘ಯೂಸ್ಡ್ ಟು’ ಬರೆಯುವಾಗ ‘ಡಿ’ ಬೇಕಾ, ಬೇಡವಾ? ಕೆಲವೊಮ್ಮೆ ಇರುತ್ತದೆ, ಕೆಲವೊಮ್ಮೆ ಇರೋದಿಲ್ಲ.
– ಪಿಯುಸಿ ವಿದ್ಯಾರ್ಥಿ, ಹಾಸನ

ಉತ್ತರ: ಬೇಕು. ಮುಂದೆ ‘ಡಿಡ್’ ಬಂದರೆ ಬೇಡ. ‘ಡಿಡ್ ಯು ಗೋ’ ಅನ್ನುವಾಗ ‘ವೆಂಟ್’ ಬರುತ್ತದಾ? ಇಲ್ಲ ತಾನೇ? ಹಾಗೇ ‘ಡಿಡ್ ಯು ಯೂಸ್ ಟು ಗೋ’, ‘ಡಿಡಂಟ್ ಯೂಸ್ ಟು ಗೋ’. ‘ಡಿಡ್’ ಆ ಹಿಂದಿನ ಕಾಲವನ್ನು ಆಗಲೇ ಹೊತ್ತುಕೊಂಡಿದೆ. ‘ಡಿಡಂಟ್ ಯೂಸ್ಡ್ ಟು’ ಅಂತ ಇಂಗ್ಲಿಷಿನವರೇ ಬರೆಯೋದನ್ನು ನೀವು ನೋಡಿರಬಹುದು. ಅವರಿಗೆ ಪಿಯುಸಿ ಪರೀಕ್ಷೆ ಇಲ್ಲ, ನಿಮಗಿದೆ.

ಮಾತಾಡುವಾಗ ಚಿಂತೆ ಬಿಡಿ. ‘ಡಿ’ ಮುಂದಿನ ‘ಟು’ ಒಳಗೆ ಮುಳುಗಿಹೋಗುತ್ತದೆ, ಯಾರಿಗೂ ಕೇಳಿಸೋದಿಲ್ಲ. ಹೋದ ವಾರ ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕಿದ. ಪಕ್ಕದಲ್ಲಿದ್ದ ಹೆಂಡತಿಗೆ ನನ್ನನ್ನು ತೋರಿಸಿ ‘ಹಿ ಯೂಸ್ಡ್ ಟು ಟೀಚ್ ಅಸ್ ಇಂಗ್ಲಿಷ್’ ಅಂದ. ಸರಿಯಾದ ವಾಕ್ಯ. ರಿಟೈರಾಗಿದ್ದೇನಲ್ಲ, ಅರ್ಥವೂ ಸರಿ. ಆದರೆ ಅವನ ‘ಡಿ’ ಇತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ. ಬರೆದು ತೋರಿಸು ಅನ್ನೋಣ ಅಂತ ಜೇಬಿನ ಪೆನ್ನಿಗೆ ಕೈ ಹಾಕಿದೆ. ಅಷ್ಟರಲ್ಲಿ ಅವನ ಬಸ್ಸು ಬಂತು.