ಸಹಿ ಹಾಕಿದ ಮೇಲೆ ಡೆಪಾಸಿಟ್ ನೆರವು ಕೇಳಬೇಡಿ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದೇ ಸಾಲು ಮತ್ತೆ ಮತ್ತೆ ಬರುತ್ತದೆ: "ಸಾಲ ಮಾಡಿ ಡೆಪಾಸಿಟ್ ಕಟ್ಟಿಬಿಟ್ಟೆವು, ಈಗ ಕೌನ್ಸಿಲ್‌ನವರು ಆ ದುಡ್ಡು ಕೊಡುತ್ತಾರಾ?" ಕೌನ್ಸಿಲ್ ಎಂದರೆ ನಿಮ್ಮ ಊರಿನ ಸ್ಥಳೀಯ ಆಡಳಿತ. ಸಾಮಾನ್ಯವಾಗಿ ಅವರು ಕೊಡುವುದಿಲ್ಲ. ಇದನ್ನೇ ಬರೆದು ಬರೆದು ಸಾಕಾಗಿದೆ. ಒಂದು ವಾರ ಮೊದಲು ಕೇಳಿದ್ದರೆ ದಾರಿ ಇತ್ತಲ್ಲ ಎಂಬ ಸಂಕಟ ಅದಕ್ಕಿಂತ ಜಾಸ್ತಿ. ಹಾಗಾಗಿ ಇನ್ನೂ ಸಹಿ ಹಾಕದ ಒಬ್ಬರ ಪತ್ರಕ್ಕೇ ಈ ಸಲ ಹೆಚ್ಚು ಜಾಗ. ಇಲ್ಲಿರುವುದೆಲ್ಲ ಇಂಗ್ಲೆಂಡಿನ ನಿಯಮ. ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಬೇರೆ ಇದೆ.

ಪ್ರಶ್ನೆ: ಪರಿಚಯದವರ ಮನೆಯ ಒಂದು ರೂಮಿನಲ್ಲಿ ಬಾಡಿಗೆಗೆ ಇದ್ದೇವೆ. ನಾನು, ಗಂಡ, ಆರು ವರ್ಷದ ಮಗಳು. ಮುಂದಿನ ತಿಂಗಳ ಕೊನೆಗೆ ಖಾಲಿ ಮಾಡಿ ಎಂದಿದ್ದಾರೆ. ಗಂಡನಿಗೆ ಕೆಲಸ ಹೋಗಿ ಕೂಡಿಟ್ಟದ್ದೆಲ್ಲ ಖರ್ಚಾಯಿತು. ಈಗ ಹೊಸ ಕೆಲಸ ಸಿಕ್ಕಿದೆ. 1,300 ಪೌಂಡ್ ಬಾಡಿಗೆಯ ಫ್ಲಾಟ್ ನೋಡಿದ್ದೇವೆ. ಬಾಡಿಗೆ ಕಟ್ಟಬಲ್ಲೆವು, ಅಡ್ವಾನ್ಸ್‌ಗೆ ದುಡ್ಡಿಲ್ಲ. ನಮಗೆ ಐಎಲ್‌ಆರ್ (ಕಾಲಮಿತಿಯಿಲ್ಲದೆ ಇಲ್ಲೇ ನೆಲೆಸುವ ಅನುಮತಿ) ಇದೆ. ಮನಸ್ತಾಪ ಯಾಕೆ, ಈ ವಾರವೇ ಹೊರಟು ಸ್ನೇಹಿತರ ಮನೆಗೆ ಹೋಗೋಣ ಎನ್ನುತ್ತಾರೆ ಇವರು. ಏನು ಮಾಡಲಿ?

ಮೊದಲ ಮಾತು, ಈ ವಾರ ಹೊರಡಬೇಡಿ. ಇರಬಹುದಾದ ಮನೆಯನ್ನು ನೀವಾಗಿಯೇ ಬಿಟ್ಟರೆ, ಬೇಕೆಂದೇ ಮನೆ ಕಳೆದುಕೊಂಡಿದ್ದೀರಿ ಎಂದು ಕೌನ್ಸಿಲ್ ತೀರ್ಮಾನಿಸಬಹುದು. ಆಮೇಲೆ ಅದನ್ನು ಅಳಿಸುವುದು ಬಹಳ ಕಷ್ಟ. ಮನೆಯವರ ಹತ್ತಿರ ಒಂದು ಪತ್ರ ಕೇಳಿ. ಯಾವ ತಾರೀಖಿಗೆ ಬಿಡಬೇಕು, ಯಾಕೆ ಎಂದು ಎರಡು ಸಾಲು ಇದ್ದರೆ ಸಾಕು. ಕೌನ್ಸಿಲ್‌ನವರು ಅವರಿಗೆ ಫೋನ್ ಮಾಡಿ ವಿಚಾರಿಸಬಹುದು, ಇನ್ನಷ್ಟು ದಿನ ಇರಗೊಡಿ ಎಂದು ಕೇಳಲೂಬಹುದು. ಅದನ್ನು ಅವರಿಗೆ ಮೊದಲೇ ತಿಳಿಸಿಡಿ.

ಎರಡನೆಯದು, ಪತ್ರ ಸಿಕ್ಕ ದಿನವೇ ಕೌನ್ಸಿಲ್‌ಗೆ ಅರ್ಜಿ ಹಾಕಿ. 2018ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಹೋಮ್‌ಲೆಸ್‌ನೆಸ್ ರಿಡಕ್ಷನ್ ಕಾಯ್ದೆಯ ಪ್ರಕಾರ, 56 ದಿನದೊಳಗೆ ಮನೆ ಕಳೆದುಕೊಳ್ಳುವ ಸಂಭವ ಇದ್ದರೆ ಕೌನ್ಸಿಲ್ ನೆರವಿಗೆ ಬರಬೇಕು. ಬೀದಿಗೆ ಬಿದ್ದ ಮೇಲೆ ಹೋಗಬೇಕು ಎಂಬುದು ಶುದ್ಧ ಸುಳ್ಳು. ಬೀದಿಗೆ ಬೀಳಬಾರದು ಎಂದೇ ಆ ಕಾಯ್ದೆ ಮಾಡಿದ್ದು, ಅಲ್ವಾ? ಮಕ್ಕಳಿಲ್ಲದವರಿಗೂ ಈ ಹಂತದ ನೆರವು ಇದೆ. ನಿಮಗೆ ಮಗಳಿರುವುದರಿಂದ ಇನ್ನೊಂದು ರಕ್ಷಣೆಯೂ ಇದೆ. ಬೇರೆ ಮನೆ ಸಿಗುವ ಮೊದಲೇ ಹೊರಗೆ ಬೀಳುವಂತಾದರೆ, ವಿಚಾರಣೆ ಮುಗಿಯುವವರೆಗೆ ಕೌನ್ಸಿಲ್ ತಾತ್ಕಾಲಿಕ ವಸತಿ ಕೊಡಬೇಕು.

ಇನ್ನು ದುಡ್ಡಿನ ಮಾತು. ನಮ್ಮವರು ಎಲ್ಲದಕ್ಕೂ "ಅಡ್ವಾನ್ಸ್" ಎನ್ನುತ್ತಾರೆ. ಅರ್ಜಿಯಲ್ಲಿ ಹಾಗೆ ಬರೆದರೆ ಬರೀ ಮೊದಲ ತಿಂಗಳ ಬಾಡಿಗೆ ಎಂದು ತಿಳಿದುಕೊಳ್ಳುತ್ತಾರೆ. ಡೆಪಾಸಿಟ್ ಬೇರೆ, ಮುಂಗಡ ಬಾಡಿಗೆ ಬೇರೆ. 2019ರ ಜೂನ್‌ನಿಂದ, ವರ್ಷದ ಬಾಡಿಗೆ 50,000 ಪೌಂಡಿಗಿಂತ ಕಡಿಮೆ ಇರುವ ಮನೆಗೆ ಐದು ವಾರದ ಬಾಡಿಗೆಗಿಂತ ಹೆಚ್ಚು ಡೆಪಾಸಿಟ್ ಕೇಳುವಂತಿಲ್ಲ. ತಿಂಗಳಿಗೆ 1,300 ಎಂದರೆ ವಾರಕ್ಕೆ 300. ಅಂದರೆ ಡೆಪಾಸಿಟ್ 1,500, ಮುಂಗಡ 1,300, ಒಟ್ಟು 2,800 ಪೌಂಡ್. ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದು ಕೇಳಿ.

ಡೆಪಾಸಿಟ್ ಕೊಡಲೇಬೇಕು ಅಂತ ಕಾನೂನಿಲ್ಲ. ನಿಮಗೆ ಮನೆ ಇಲ್ಲದಂತಾಗದ ಹಾಗೆ ತಕ್ಕ ಕ್ರಮ ತೆಗೆದುಕೊಳ್ಳಬೇಕು ಅಂತ ಇದೆ. ಡೆಪಾಸಿಟ್ ಕೊಡುವುದು ಅಂಥ ಒಂದು ಕ್ರಮ. ಕೆಲವು ಕೌನ್ಸಿಲ್‌ಗಳು ದುಡ್ಡನ್ನು ನೇರವಾಗಿ ಮಾಲೀಕರಿಗೆ ಕಟ್ಟುತ್ತವೆ. ಕೆಲವು ಸಾಲವಾಗಿ ಕೊಟ್ಟು ತಿಂಗಳಿಗಿಷ್ಟು ಅಂತ ವಾಪಸ್ ಪಡೆಯುತ್ತವೆ. ಇನ್ನು ಕೆಲವು ಬಾಂಡ್ ಕೊಡುತ್ತವೆ. ಬಾಂಡ್ ಎಂದರೆ ದುಡ್ಡಲ್ಲ, "ಹಾನಿಯಾದರೆ, ಬಾಡಿಗೆ ಬಾಕಿ ಉಳಿದರೆ ಇಷ್ಟರವರೆಗೆ ನಾವು ಕೊಡುತ್ತೇವೆ" ಎಂಬ ಬರಹದ ಭರವಸೆ. ಎಷ್ಟೋ ಮಾಲೀಕರು ಬಾಂಡ್ ಒಪ್ಪುವುದಿಲ್ಲ. ಆದ್ದರಿಂದ ಈಗಲೇ ಏಜೆಂಟರನ್ನು ಕೇಳಿ, ಅವರ ಉತ್ತರವನ್ನು ಅಧಿಕಾರಿಗೆ ಹೇಳಿ.

ಇವೆಲ್ಲ ಆಗುವವರೆಗೆ ಕರಾರಿಗೆ ಸಹಿ ಬೇಡ. ಕೌನ್ಸಿಲ್ ಮೊದಲು ನಿಮ್ಮ ಸಂಬಳಕ್ಕೆ ಈ ಬಾಡಿಗೆ ಹೊಂದುತ್ತದೆಯೇ, ಮನೆ ವಾಸಕ್ಕೆ ಯೋಗ್ಯವೇ ಎಂದು ನೋಡುತ್ತದೆ. ಫ್ಲಾಟ್ ಕೈತಪ್ಪುತ್ತದೆ ಎಂಬ ಭಯ ಇದ್ದರೆ ಹೋಲ್ಡಿಂಗ್ ಡೆಪಾಸಿಟ್ ಎಂದು ಒಂದು ವಾರದ ಬಾಡಿಗೆಯವರೆಗೆ ಕೊಡಬಹುದು. ಆದರೆ ನೀವಾಗಿಯೇ ಹಿಂದೆ ಸರಿದರೆ ಅದು ಹೋಗುತ್ತದೆ. ನಾನಾಗಿದ್ದರೆ ಕೌನ್ಸಿಲ್‌ನಿಂದ ಒಂದು ಇಮೇಲ್ ಆದರೂ ಬರುವವರೆಗೆ ಆ 300 ಪೌಂಡನ್ನೂ ಕೊಡುತ್ತಿರಲಿಲ್ಲ. ಶುಕ್ರವಾರ ಸಹಿ ಹಾಕಿ ಸೋಮವಾರ ನನ್ನ ಮುಂದೆ ಕೂತು ಅತ್ತವರನ್ನು ನೋಡಿದ್ದೇನೆ.

"ನೀವು ನಮ್ಮ ಹೊಣೆಯಲ್ಲ" ಎಂದು ಕೌಂಟರಿನಲ್ಲೇ ಹೇಳಿದರೆ ಸುಮ್ನೆ ವಾಪಸ್ ಬರಬೇಡಿ. ತೀರ್ಮಾನವನ್ನು ಬರಹದಲ್ಲಿ ಕೇಳಿ. ಅದು ಸಿಕ್ಕ 21 ದಿನದೊಳಗೆ ಮರುಪರಿಶೀಲನೆ ಕೇಳುವ ಹಕ್ಕಿದೆ. ಶೆಲ್ಟರ್, ಸಿಟಿಜನ್ಸ್ ಅಡ್ವೈಸ್ ಸಂಸ್ಥೆಗಳವರು ಇದರಲ್ಲಿ ಉಚಿತವಾಗಿ ನೆರವಾಗುತ್ತಾರೆ.

ಪ್ರಶ್ನೆ: 200 ಪೌಂಡ್ ಕೊಟ್ಟರೆ ಕೌನ್ಸಿಲ್‌ನಿಂದ ಡೆಪಾಸಿಟ್ ಕೊಡಿಸುತ್ತೇನೆ ಎಂದು ಒಬ್ಬರು ವಾಟ್ಸಾಪ್ ಗುಂಪಿನಲ್ಲಿ ಹೇಳಿದ್ದಾರೆ. ನಂಬಬಹುದೇ?

ಬೇಡ. ಅರ್ಜಿಗೆ ಒಂದು ಪೆನ್ನಿಯೂ ಶುಲ್ಕವಿಲ್ಲ. ಕೈ ಖಾಲಿಯಾದವರ ಹತ್ತಿರವೇ ಕೀಳುವ ಇಂಥವರನ್ನು ದಯವಿಟ್ಟು ಯಾರಿಗೂ ಪರಿಚಯ ಮಾಡಿಕೊಡಬೇಡಿ.

ಪ್ರಶ್ನೆ: ನಾನು ಸ್ಕಿಲ್ಡ್ ವರ್ಕರ್ ವೀಸಾದಲ್ಲಿದ್ದೇನೆ. ನಾನೂ ಅರ್ಜಿ ಹಾಕಲೇ?

ತಡೆಯಿರಿ. ನಿಮ್ಮ ವೀಸಾದಲ್ಲಿ ಸರ್ಕಾರಿ ನೆರವು ಪಡೆಯುವಂತಿಲ್ಲ ಎಂಬ ಷರತ್ತು ಇದ್ದರೆ ಕೌನ್ಸಿಲ್‌ನ ಹೋಮ್‌ಲೆಸ್ ನೆರವೂ ಅದರಲ್ಲಿ ಸೇರುತ್ತದೆ. ಪಡೆದರೆ ವೀಸಾಕ್ಕೇ ಪೆಟ್ಟು. ಬರೀ ಸಲಹೆ ಕೇಳುವುದಕ್ಕೆ ಅಡ್ಡಿಯಿಲ್ಲ, ಅದು ಎಲ್ಲರಿಗೂ ಉಚಿತ. ಮನೆಯಲ್ಲಿ ಮಕ್ಕಳಿದ್ದರೆ 1989ರ ಚಿಲ್ಡ್ರನ್ ಕಾಯ್ದೆಯ 17ನೇ ಸೆಕ್ಷನ್ ಅಡಿ ಸೋಶಿಯಲ್ ಸರ್ವಿಸಸ್‌ನವರು ನೆರವಾಗಬಹುದು. ಅದು ಈ ಷರತ್ತಿಗೆ ಬರುವುದಿಲ್ಲ. ಏನೇ ಮಾಡುವ ಮೊದಲು ನೋಂದಾಯಿತ ಇಮಿಗ್ರೇಶನ್ ಸಲಹೆಗಾರರನ್ನು ಕಾಣಿ. ಆಫೀಸಿನ ಗೆಳೆಯರ ಮಾತಿನ ಮೇಲೆ ನಡೆಯಬೇಡಿ.

ಪ್ರಶ್ನೆ: ಗ್ಯಾರಂಟಿ ಕೊಡುವವರು ಇಲ್ಲ ಎಂದರೆ ಆರು ತಿಂಗಳ ಬಾಡಿಗೆ ಮುಂಗಡ ಕೇಳುತ್ತಿದ್ದಾರೆ.

2026ರ ಮೇ 1ರಿಂದ ಖಾಸಗಿ ಮಾಲೀಕರು ಒಂದು ತಿಂಗಳಿಗಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ.

ಪ್ರಶ್ನೆ: ಡೆಪಾಸಿಟ್ ಬದಲು ಒಂದು ಶುಲ್ಕ ಕಟ್ಟುವ "ಜೀರೋ ಡೆಪಾಸಿಟ್" ಯೋಜನೆ ಒಳ್ಳೆಯದಲ್ಲವೇ?

ನನಗೆ ಇಷ್ಟವಿಲ್ಲ. ಅಲ್ಲಿ ಕಟ್ಟುವ ಶುಲ್ಕ ವಾಪಸ್ ಬರುವುದಿಲ್ಲ. ಹಾನಿಯ ದುಡ್ಡನ್ನು ಕೊನೆಗೆ ನೀವೇ ಕೊಡಬೇಕು.

ಪ್ರಶ್ನೆ: ನನ್ನ ಡೆಪಾಸಿಟ್ ಕೌನ್ಸಿಲ್ ಕಟ್ಟಿದೆ. ಮನೆ ಬಿಡುವಾಗ ಅದು ಯಾರಿಗೆ ಸೇರುತ್ತದೆ?

ಕೌನ್ಸಿಲ್ ಜೊತೆ ನೀವು ಸಹಿ ಮಾಡಿದ ಪತ್ರದಲ್ಲಿ ಹೇಗಿದೆಯೋ ಹಾಗೆ. ಸಾಲವಾಗಿದ್ದರೆ ಎಷ್ಟು ತೀರಿಸಿದ್ದೀರಿ ಎಂಬ ಲೆಕ್ಕ ಇಟ್ಟುಕೊಳ್ಳಿ. ಮಾಲೀಕರು 30 ದಿನದೊಳಗೆ ಆ ದುಡ್ಡನ್ನು ಸರ್ಕಾರ ಒಪ್ಪಿದ ಮೂರು ಸ್ಕೀಮ್‌ಗಳಲ್ಲಿ ಒಂದರಲ್ಲಿ ರಕ್ಷಿಸಬೇಕು. ಅದರ ಮಾಹಿತಿ ಪತ್ರವನ್ನು ನಿಮಗೂ ಕೊಡಬೇಕು, ದುಡ್ಡು ಕಟ್ಟಿದ ಕೌನ್ಸಿಲ್‌ಗೂ ಕೊಡಬೇಕು. ತಪ್ಪಿದರೆ ಕೋರ್ಟು ಡೆಪಾಸಿಟ್‌ನ ಮೂರು ಪಟ್ಟಿನವರೆಗೆ ದಂಡ ಹಾಕಬಹುದು. ಆ ಪತ್ರ ನಿಮ್ಮ ಕೈ ಸೇರಿದೆಯೇ ಎಂದು ಇವತ್ತೇ ನೋಡಿ. ಸೇರಿಲ್ಲವಾದರೆ ಮಾಲೀಕರಿಗೆ ಇಮೇಲ್ ಬರೆದು ಕೇಳಿ, ಅದರ ಪ್ರತಿಯನ್ನು ಕೌನ್ಸಿಲ್‌ಗೂ ಕಳಿಸಿ.